ಸ್ಪೈಟ್ ಪದಕ್ಕೊಂದು ಉದಾಹರಣೆ

ನಡುರಾತ್ರಿ ದಿಂಬಿನಡಿ ಫೋನು ಟಿಣ್ ಎಂದಿತು. ಅಣ್ಣನ ಮೆಸೇಜು: "ನಿನ್ನಿಷ್ಟದಂತೆಯೇ ಆಗಲಿ. ನಾನು ಒಪ್ಪಿದೆ."

ಒಂದು ವರ್ಷ ಅಣ್ಣನೊಡನೆ ಮಾತು ಬಿಟ್ಟು, ಅತ್ತಿಗೆಯ ಕಣ್ಣೀರಿಗೂ ಜಗ್ಗದೆ ನಿಂತವಳು ಕುಣಿದಾಡಬೇಕಿತ್ತು. ಆದರೆ ಭುಜ ಕೊಟ್ಟು ತಳ್ಳುತ್ತಿದ್ದ ಬಾಗಿಲನ್ನು ಒಳಗಿನಿಂದ ಯಾರೋ ತಟ್ಟನೆ ತೆರೆದಂತೆ ಮುಗ್ಗರಿಸಿಹೋದಳು.

ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯಲ್ಲಿ ಅವಳು ಸಹಾಯಕ ಸಂಪಾದಕಿ. ಅವಳು ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದವನು ಅಲ್ಲೇ ಕರಡು ಓದುವವನು, ಅದಕ್ಕೇ ಎಲ್ಲರ ಬಾಯಲ್ಲಿ ಕರಡಿ. ಒಮ್ಮೆ ಮದುವೆ ಮುರಿದವನು ಎಂಬುದು ಅಣ್ಣನ ತಕರಾರಾಗಿತ್ತು. ಕರಡಿಯ ತಕರಾರೇ ಬೇರೆ.

"ಮೊದಲನೆಯವಳು ಅಪ್ಪನ ಮೇಲಿನ ಸಿಟ್ಟಿಗೆ ನನ್ನ ಕಟ್ಕೊಂಡ್ಲು. ಸಿಟ್ಟಿಳಿದ ಮೇಲೆ ನೀನ್ಯಾರು ಅಂದ್ಲು," ಎಂದಿದ್ದ ಹೋದ ವಾರ. "ನೀನೂ ಅಣ್ಣನ ಮೇಲಿನ ಹಠಕ್ಕೇ ಅಲ್ವಾ?"

ಅವಳು ರೇಗಿದ್ದಳು. ಕುರ್ಚಿ ತಳ್ಳಿ ಎದ್ದು ಹೋಗಿದ್ದಳು.

ಅಚ್ಚಿಗೆ ಹೋಗುವ ಮೊದಲು ಪ್ರತಿ ಪದವನ್ನೂ ಒಬ್ಬರು ಗಟ್ಟಿಯಾಗಿ ಓದಬೇಕು, ಎದುರಿಗೆ ಕೂತವರು ಹಾಳೆಯಿಂದ ಕಣ್ಣು ತೆಗೆಯಬಾರದು ಎಂಬುದು ಅಲ್ಲಿನ ಪದ್ಧತಿ. ಬೆಳಿಗ್ಗೆ ಅವರ ಪಾಲಿಗೆ ಬಂದದ್ದು 'ಸ್ಪೈಟ್'.

"ನಾಮಪದ," ಅವನು ಓದಿದ. "ಹಗೆ, ಅಲ್ಪವಿರಾಮ, ಕಿಚ್ಚು, ಅಲ್ಪವಿರಾಮ, ನೋಯಿಸಬೇಕೆಂಬ ಹಠ, ಪೂರ್ಣವಿರಾಮ. ಉದಾಹರಣೆ: ಅವಳು ಸ್ಪೈಟ್‌ನಿಂದ ಕಿಟಕಿ ಮುಚ್ಚಿದಳು." ಕನ್ನಡಕದ ಮೇಲಿಂದ ನೋಡಿದ. "ಮೊನ್ನೆ ಮುಚ್ಚಿದ್ದು ನನ್ನ ಪಕ್ಕದ ಕಿಟಕಿ ತಾನೇ?"

"ಹಾಳೆಯಲ್ಲಿರೋದನ್ನಷ್ಟೇ ಓದು."

"ಕ್ರಿಯಾಪದ. ಬೇಕೆಂದೇ ಹೊಟ್ಟೆ ಉರಿಸು. ಅದರಲ್ಲಿ ನೀನು ಎತ್ತಿದ ಕೈ."

"ಓದ್ತೀಯೋ ಇಲ್ವೋ?"

"ಇನ್ ಸ್ಪೈಟ್ ಆಫ್. ಅಡ್ಡಿಯಿದ್ದರೂ, ಲೆಕ್ಕಿಸದೆ. ಉದಾಹರಣೆ..." ತಡವರಿಸಿದ. "ಇಲ್ಲಿ ಖಾಲಿ ಬಿಟ್ಟಿದ್ದೀಯಲ್ಲ?"

"ಹೇಳ್ತೀನಿ, ಬರ್ಕೋ." ಅವಳು ಪೆನ್ನನ್ನು ಅವನತ್ತ ಸರಿಸಿದಳು. "ಅಣ್ಣ ಒಪ್ಪಿಕೊಂಡರೂ ಲೆಕ್ಕಿಸದೆ ಅವಳು ಅವನನ್ನೇ ಮದುವೆಯಾದಳು."

"ತಪ್ಪು. ಒಪ್ಪಿಗೆ ಹೇಗೆ ಅಡ್ಡಿ ಆಗುತ್ತೆ..." ಪೆನ್ನು ನಿಂತಿತು. "ಏನು, ಒಪ್ಪಿದ್ರಾ?"

"ರಾತ್ರಿ. ಆಮೇಲೆ ನನಗೆ ನಿದ್ದೆಯೇ ಬರಲಿಲ್ಲ. ಹಠ ಹಿಡಿಯೋಕೆ ಇನ್ನು ಎದುರಿಗೆ ಯಾರೂ ಇಲ್ಲ, ಈಗಲೂ ಇವನು ಬೇಕಾ ಅಂತ ನನ್ನನ್ನೇ ಕೇಳ್ಕೊಂಡೆ."

"ಬೇಕಾ?" ಅವನ ದನಿ ಇಳಿದುಹೋಗಿತ್ತು.

"ಇಡೀ ಜಗತ್ತೇ ಸಾಲಾಗಿ ನಿಂತು ಆಗ್ಲಿ ಆಗ್ಲಿ ಅಂದ್ರೂ ನಾನು ನಿನ್ನ ಬಿಡಲ್ಲ, ಕರಡಿ."

ಅವನು ನಕ್ಕ. ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮೇಜಿನ ಮೇಲಿಂದ ಬಾಗಿದ. ಅವಳು ಸ್ವಭಾವದಂತೆ ಮೊದಲು ಬಾಗಿಲ ಕಡೆ ನೋಡಿದಳು. ಆಮೇಲೆ ಯಾರಿದ್ದರೂ ಇರಲಿ ಎಂದುಕೊಂಡು ತಾನೂ ಬಾಗಿದಳು. ಆ ಕಚೇರಿಯ ಪದ್ಧತಿಯನ್ನು ಮುರಿದು ಇಬ್ಬರೂ ಕಣ್ಣು ಮುಚ್ಚಿದ್ದರು.

ಹೊರಗಿನಿಂದ ಪ್ರಧಾನ ಸಂಪಾದಕರು ಕೂಗಿದರು. "ಏನಮ್ಮಾ, ಒಂದು ಪದಕ್ಕೆ ಇಷ್ಟು ಹೊತ್ತಾ? ಏನಾಯ್ತು ಒಳಗೆ?"

"ಏನಿಲ್ಲ ಸರ್. ಒಳ್ಳೆ ಉದಾಹರಣೆ ಸಿಗ್ತಿರಲಿಲ್ಲ."

ಆದದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ಅಣ್ಣನಿಗಂತೂ ಇಲ್ಲವೇ ಇಲ್ಲ. ಅವನು ಇದಕ್ಕೂ ಒಪ್ಪಿಬಿಟ್ಟರೆ!