ಮೂರು ಗಂಟೆಯ ಸೂಜಿ

"ಅಣ್ಣಾ, ನೀವು ಕೊಡ್ತಿರೋದು ಔಷಧಿನಾ, ನೀರಾ? ಅಪ್ಪನಿಗೆ ಮಧ್ಯಾಹ್ನದ ನೋವಿನ ಸೂಜಿ ಹಿಡಿಯೋದೇ ಇಲ್ಲ!"

ಬಡಗಿಯ ಮಗಳು ಆಸ್ಪತ್ರೆಯ ಔಷಧಿ ಕೋಣೆಯ ಕಿಟಕಿಗೆ ಬಂದು ಹೀಗೆ ಕೇಳಿದಾಗ ನನಗೆ ಪಿತ್ತ ನೆತ್ತಿಗೇರಿತು. ಹದಿನಾರು ವರ್ಷದಿಂದ ಆ ಕೋಣೆ ನೋಡಿಕೊಂಡವನು ನಾನು. ಕೊಟ್ಟ ಪ್ರತಿಯೊಂದು ಸೀಸೆಯೂ ಖಾಲಿಯಾಗಿ ನನ್ನ ಕೈಗೇ ವಾಪಸು ಬರುತ್ತಿತ್ತು. ಆದರೂ ಮೂಳೆಗೆ ಕ್ಯಾನ್ಸರ್ ಹಬ್ಬಿದ್ದ ಆ ಮುದುಕ ಐದು ದಿನದಿಂದ ನಾಲ್ಕು ಗಂಟೆಗೆ ಸರಿಯಾಗಿ ನರಳುತ್ತಿದ್ದುದು ಸುಳ್ಳಲ್ಲ. ಬೇರೆ ಸಿಸ್ಟರುಗಳು ಬೆಳಿಗ್ಗೆ, ರಾತ್ರಿ ಕೊಡುವ ಸೂಜಿ ಮಾತ್ರ ಕೆಲಸ ಮಾಡುತ್ತಿತ್ತು. ಅವನಿಗೆ ಉಳಿದಿದ್ದದ್ದು ಒಂದು ವಾರವೋ, ಹತ್ತು ದಿನವೋ.

ದೊಡ್ಡ ಡಾಕ್ಟರು ಆಗಲೇ ಕಳ್ಳಿಯನ್ನು ಹಿಡಿದಾಗಿತ್ತು. ಮಧ್ಯಾಹ್ನದ ಸಿಸ್ಟರು ತುಂಬಿಟ್ಟ ಸಿರಿಂಜುಗಳ ಟ್ರೇಯನ್ನು ವಾರ್ಡಿಗೆ ಹೊರುತ್ತಿದ್ದ ಆಯಾ. "ದಾರೀಲಿ ಔಷಧಿ ತೆಗೆದು ನೀರು ತುಂಬ್ತಾಳೆ. ನಾಳೆಯಿಂದ ಬರೋದು ಬೇಡ" ಎಂದಿದ್ದರು. ವಿಚಾರಣೆಯೂ ಇಲ್ಲ, ಮಣ್ಣೂ ಇಲ್ಲ.

ನನ್ನ ಭಾವ, ಅಂದರೆ ಅಕ್ಕನ ಗಂಡ, ಹೆಸರಾಂತ ಪತ್ತೇದಾರ. ಕಾಲು ಮುರಿದುಕೊಂಡು ಅದೇ ವಾರ್ಡಿನಲ್ಲಿ ಮಲಗಿದ್ದರು. ಓಡಾಟವೆಲ್ಲ ನನ್ನದು, ಯೋಚನೆಯೆಲ್ಲ ಅವರದು.

"ಮೂಲೆ ಹಾಸಿಗೆಯ ಲಾರಿ ಡ್ರೈವರಿಗೂ ಇದೇ ಔಷಧಿ ತಾನೆ?" ಎಂದರು ಭಾವ.

"ಹೌದು. ಅದೇ ಟ್ರೇ, ಅದೇ ಮೂರು ಗಂಟೆ, ಅದೇ ಸಿಸ್ಟರು."

"ಅವನು ನಾಲ್ಕಕ್ಕೆ ಗೊರಕೆ ಹೊಡೀತಿರ್ತಾನೆ. ಅವನನ್ನ ನೋಡೋಕೆ ಯಾರು ಬರ್ತಾರೆ?"

"ಯಾರೂ ಬರಲ್ಲ, ಪಾಪ. ಅದಕ್ಕೂ ಇದಕ್ಕೂ ಏನು ಸಂಬಂಧ ಭಾವ?"

ಭಾವ ನನ್ನನ್ನು ಹತ್ತಿರ ಕರೆದರು. "ದಿನಾ ಬರೋ ಹಾಗೆ ಇವತ್ತು ನಾಲ್ಕು ಗಂಟೆಗೆ ಬರಬೇಡಮ್ಮ ಅಂತ ಆ ಮಗಳಿಗೆ ಹೇಳು. ಅವಳು ಬರಲ್ಲ ಅನ್ನೋದನ್ನ ಮಧ್ಯಾಹ್ನದ ಸಿಸ್ಟರ್ ಕಿವಿಗೆ ಹಾಕು. ಬೇರೆ ಯಾರಿಗೂ ಬೇಡ."

"ಅಯ್ಯೋ, ನಿಮಗೇನು ತಲೆ ಕೆಟ್ಟಿದೆಯಾ? ಸಾಯೋ ಅಪ್ಪನಿಂದ ಮಗಳನ್ನ ದೂರ ಇಡೋದಾ?"

ಬೈದುಕೊಳ್ಳುತ್ತಲೇ ಹೋಗಿ ಮೂರಕ್ಕೆ ಮೊದಲೇ ಇಬ್ಬರಿಗೂ ಹೇಳಿದೆ. ಮಗಳು ಅಳುತ್ತಾ ನನ್ನ ಕೋಣೆಯಲ್ಲೇ ಕೂತಳು. ನಾಲ್ಕು ಗಂಟೆಗೆ ವಾರ್ಡಿಗೆ ಇಣುಕಿದರೆ ಬಡಗಿ ನಿದ್ದೆಯಲ್ಲಿದ್ದ. ಹಣೆಯ ಮೇಲೆ ಒಂದು ಗೆರೆಯೂ ಇರಲಿಲ್ಲ.

ಐದಕ್ಕೆ ಭಾವನ ಗಾಲಿಕುರ್ಚಿಯನ್ನು ಸಿಸ್ಟರುಗಳ ಕೋಣೆಗೆ ತಳ್ಳಿಕೊಂಡು ಹೋದೆ. ದೊಡ್ಡ ಡಾಕ್ಟರು, ಆಯಾ, ಮಧ್ಯಾಹ್ನದ ಸಿಸ್ಟರು, ಮಗಳು, ಎಲ್ಲರೂ ಸೇರಿದ್ದರು.

"ಕದಿಯೋರಾಗಿದ್ರೆ, ಹೇಳೋರು ಕೇಳೋರಿಲ್ಲದ ಡ್ರೈವರಿನ ಔಷಧಿ ಕದೀತಿದ್ರು" ಎಂದು ಭಾವ ಶುರು ಮಾಡಿದರು. "ಇಲ್ಲಿ ನೋವು ಬರ್ತಿದ್ದದ್ದು ಮಗಳಿರೋ ಮನುಷ್ಯನಿಗೆ, ಅದೂ ಮಗಳು ಬರೋ ಹೊತ್ತಿಗೆ. ಇವತ್ತು ಮಗಳು ಬರಲ್ಲ ಅಂದ್ವಿ, ನೋವೂ ಬರಲಿಲ್ಲ. ಟ್ರೇ ಹೊತ್ತಿದ್ದು ಇದೇ ಆಯಾ. ಆದ್ರೆ ಮಗಳು ಬರಲ್ಲ ಅನ್ನೋದು ಗೊತ್ತಿದ್ದದ್ದು ಒಬ್ಬರಿಗೇ. ಔಷಧಿ ಯಾರೂ ಮಾರಲಿಲ್ಲ ಡಾಕ್ಟ್ರೇ, ಅದು ಸಿಂಕಿಗೆ ಹೋಯ್ತು. ಸಿರಿಂಜಲ್ಲಿ ಬರೀ ಉಪ್ಪುನೀರಿತ್ತು. ಅಲ್ವಾ ಸಿಸ್ಟರ್?"

ಸಿಸ್ಟರು ಡಾಕ್ಟರ ಕಡೆ ತಿರುಗಿದರು. "ನಮ್ಮಮ್ಮ ಇದೇ ಔಷಧಿಯ ಮಂಪರಲ್ಲಿ ಹೋಗಿಬಿಟ್ರು. ಮೂರು ದಿನ ಪಕ್ಕದಲ್ಲೇ ಕೂತಿದ್ದೆ, ಒಂದು ಮಾತಿಲ್ಲ. ಕೊನೇಲಿ ಮನುಷ್ಯ ಎಚ್ಚರ ಇರಬೇಕು ಸಾರ್. ಈ ಹುಡುಗಿಗಾದ್ರೂ ಅಪ್ಪನ ಮಾತು ಸಿಗಲಿ ಅಂತ..."

ನನಗೆ ಕನಿಕರ ಹುಟ್ಟಬೇಕಿತ್ತು. ಹುಟ್ಟಲಿಲ್ಲ, ಮೈಯೆಲ್ಲ ಉರಿಯಿತು. ಬಡಗಿ ಕೈಗೆಟಕುವಷ್ಟು ಹತ್ತಿರದಲ್ಲೇ ಇದ್ದನಲ್ಲ, ಅವನನ್ನೇ ಒಂದು ಮಾತು ಕೇಳಲು ಏನಾಗಿತ್ತು?

ಮಗಳು ಬಯ್ಯಲಿಲ್ಲ. "ಐದು ದಿನದಲ್ಲಿ ಅಪ್ಪ ನನ್ನ ಹತ್ರ ಆಡಿದ್ದು ಒಂದೇ ಮಾತು ಸಿಸ್ಟರ್" ಎಂದಳು. "'ಹೊರಗೆ ಹೋಗು ಮಗಳೇ, ನೀನಿದನ್ನ ನೋಡಬೇಡ' ಅಂತ. ದಿನಾ ಬಾಗಿಲಾಚೆ ನಿಂತು ವಾಪಸು ಹೋಗಿದೀನಿ."

ದೊಡ್ಡ ಡಾಕ್ಟರು ಆಯಾಳ ಮುಖವನ್ನೂ ನೋಡದೆ "ನಾಳೆ ಕೆಲಸಕ್ಕೆ ಬಾ" ಎಂದರು. ಅಷ್ಟೇ, ತಪ್ಪಾಯಿತು ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ.

ಭಾವನನ್ನು ವಾಪಸು ಕರೆತರುವಾಗ ಮಗಳು ಬಡಗಿಯ ಹಾಸಿಗೆಯ ಪಕ್ಕ ನಿಂತಿದ್ದಳು. ಮುದುಕ ಅರೆಗಣ್ಣು ತೆರೆದು ಅವಳನ್ನು ನೋಡಿದ, ಕಾಲು ಸರಿಸಿ ಕೂರಲು ಜಾಗ ಮಾಡಿಕೊಟ್ಟ, ಮತ್ತೆ ನಿದ್ದೆ ಹೋದ. ಆರು ಗಂಟೆಯವರೆಗೆ ಅವಳು ಅಲ್ಲೇ ಕೂತಿದ್ದಳು.