ಮೂರು ಡಿಕ್ಕಿಯ ವರ

ಕ್ಲೇಮ್ ಫಾರಂ ಮೇಲೆ ಎರಡು ಹನಿ ರಕ್ತ ಬಿತ್ತು.

ಪ್ರಸನ್ನಲಕ್ಷ್ಮಿ ತಲೆಯೆತ್ತಿದಳು. ಹುಬ್ಬು ಸೀಳಿದ ಯುವಕ. ರಾಯದುರ್ಗದ ಈ ವಿಮಾ ಕಚೇರಿಗೆ ಆತ ಬಂದಿದ್ದು ಇದೇ ಮೊದಲು, ಆದರೆ ಹಿಂದಿನ ಎರಡು ಕ್ಲೇಮ್ ಕಾಗದಗಳಿಂದ ಹೆಸರು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾರುತಿ. ಮಡಕಶಿರದಿಂದ ಬಂದು ಇಲ್ಲಿ ಜೀನ್ಸ್ ವ್ಯಾಪಾರ ಮಾಡುವವನು. ಹೋದ ತಿಂಗಳು ಅವಳನ್ನು ಕೇಳಿ ಬಂದ ಸಂಬಂಧ. ಬೇಡ ಅಂದಿದ್ದಳು.

"ವರ್ಷದಾಗ ಮೂರನೇ ಡಿಕ್ಕಿ. ಕಾರು ಓಡಿಸ್ತೀರೋ, ಮರ ಕಡೀತೀರೋ?"

"ಹುಣಸೆಮರ ಅಡ್ಡ ಬಂತು ಕಣ್ರೀ."

"ಮರ ನಡ್ಕೊಂಡು ಬಂತೇನ್ರಿ?" ನಗು ತಡೆದಳು. "ಕ್ಲೇಮ್ ಇಲ್ಲದ ವರ್ಷಕ್ಕ ರಿಯಾಯಿತಿ ಸಿಗ್ತೈತಿ. ನಿಮ್ದು ಪೂರ್ತಿ ಹೋತು. ಇನ್ನು ಪ್ರೀಮಿಯಂ ಏರ್ತೈತಿ. ಇಂಥವ್ರು ಮತ್ತ ಗುದ್ದತಾರ ಅಂತ ಕಂಪನಿ ಲೆಕ್ಕ."

"ನೀವೂ ಅದೇ ಲೆಕ್ಕ ಹಾಕಿ ಬೇಡ ಅಂದ್ರಾ?"

ಪೆನ್ನು ನಿಂತಿತು. "ಹೌದ್ರಿ."

ಆತ ಕರವಸ್ತ್ರದಿಂದ ಹುಬ್ಬಿನ ರಕ್ತ ಒರೆಸಿಕೊಂಡ.

ಕಾರಿನ ಫೋಟೊ ತೆಗೆಯಲು ಹೊರಗೆ ಹೋದಳು, ಮಾರುತಿಯೂ ಹಿಂದೆ ಬಂದ. ಬಾನೆಟ್ ಜಜ್ಜಿಹೋಗಿತ್ತು. ಆದರೆ ಗಾಜಿಗೆ ಗೀರೂ ಬಿದ್ದಿರಲಿಲ್ಲ, ಒಳಗೆ ಎಲ್ಲೂ ರಕ್ತವಿರಲಿಲ್ಲ. ಡ್ರೈವರ್ ಸೀಟು ಪೂರ್ತಿ ಹಿಂದೆ ಸರಿದಿತ್ತು.

"ಕೂತ್ಕೊಳ್ರಿ. ಕ್ಲಚ್ ತುಳೀರಿ."

ಮಾರುತಿ ಗಿಡ್ಡ ಆಳು. ಕಾಲು ಎಟುಕಲಿಲ್ಲ.

"ಓಡಿಸಿದ್ದು ಯಾರು? ನಿಮ್ಮ ಹುಬ್ಬು ಸೀಳಿದ್ದು ಯಾರು?"

"ಅಣ್ಣ. ಅವನಿಗೆ ಲೈಸೆನ್ಸ್ ಇಲ್ಲ. ಮೂರು ಸಲಾನೂ ಗುದ್ದಿದ್ದು ಅವನೇ. ಮನೇಲಿ ಲೈಸೆನ್ಸ್ ಇರೋದು ನಂಗೊಬ್ಬನಿಗೇ, ಅದಕ್ಕೆ ನನ್ನ ಹೆಸರೇ ಬರೆಸೋದು... ಈ ಸಲ ಆಗಲ್ಲ ಅಂದೆ. ಹೊಡೆದ."

ದೇವರೇ, ನಾನು ಯಾರ ತಪ್ಪಿಗೆ ಯಾರನ್ನು ತೂಗಿದೆ?

ಎದುರಿನ ಟೀ ಅಂಗಡಿಯಲ್ಲಿ ಕಾಯುತ್ತ ಎಲ್ಲ ನೋಡುತ್ತಿದ್ದ ಆ ಅಣ್ಣ ಹನುಮೇಶ್ ಬಂದ. ಬಾಯಲ್ಲಿ ಹೆಂಡದ ವಾಸನೆ, ಕೈಯಲ್ಲಿ ಕಾರಿನ ಜಾಕ್ ತಿರುಗಿಸುವ ಕಬ್ಬಿಣದ ರಾಡು.

"ಸಹಿ ಹಾಕಮ್ಮ. ಇಲ್ಲಾಂದ್ರೆ ಆ ಕೈಯಲ್ಲಿ ಇನ್ನೇನೂ ಬರೆಯಲ್ಲ ನೀನು."

"ಹಾಕಂಗಿಲ್ಲ."

ರಾಡು ಬೀಸಿ ಬಂತು. ಮಾರುತಿ ತೋಳು ಅಡ್ಡ ಕೊಟ್ಟ. ಮೂಳೆ ಮುರಿದ ಸದ್ದು ಅವಳಿಗೂ ಕೇಳಿಸಿತು. ಎರಡನೇ ಏಟು ಭುಜಕ್ಕೆ. ಮೂರನೆಯದು ಬೀಳುವ ಮೊದಲೇ ಆತ ಅಣ್ಣನ ಎದೆಗೆ ತಲೆಯಿಂದ ಗುದ್ದಿ ಕೆಡವಿದ, ಇನ್ನೊಂದು ಕೈಯಿಂದ ರಾಡು ಕಿತ್ತು ಮೇಲೆತ್ತಿದ. ಇಷ್ಟು ವರ್ಷ ನುಂಗಿದ್ದೆಲ್ಲ ಆ ಕಣ್ಣಲ್ಲಿ ಉರಿಯುತ್ತಿತ್ತು.

"ಬ್ಯಾಡ್ರಿ ಮಾರುತಿ..."

ಅವಳ ಬಾಯಲ್ಲಿ ಮೊದಲ ಸಲ ಆತನ ಹೆಸರು. ಎತ್ತಿದ ಕೈ ಸಡಿಲವಾಯಿತು. ಪಕ್ಕದ ಹೊಲಿಗೆ ಕಾರ್ಖಾನೆಯವರು ಓಡಿಬಂದು ಹನುಮೇಶನನ್ನು ಅದುಮಿ ಹಿಡಿದರು, ಪೊಲೀಸರು ಬಂದು ಒಯ್ದರು.

ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಕಟ್ಟಿದ ಮೇಲೆ ಅವಳು ಮಂಚದ ಪಕ್ಕ ಕೂತಳು.

"ನಿಜ ಬರೀತೀನಿ. ಕ್ಲೇಮ್ ಸಿಗಂಗಿಲ್ಲ. ಹಳೇ ಎರಡನ್ನೂ ಕೆದಕ್ತಾರ. ನಿಮಗೂ ಕಷ್ಟ ಐತಿ."

"ಬರೀರಿ. ಕೇಳಿದ್ರೆ ನಾನೂ ಅದನ್ನೇ ಹೇಳ್ತೀನಿ."

"ನನ್ನ ಮ್ಯಾಲ ಸಿಟ್ಟಿಲ್ಲೇನು?"

"ನನ್ ಮೇಲೇ ಐತೆ. ಸುಳ್ಳು ಹೇಳಿ ನಿಮ್ಮನ್ನ ಕಳ್ಕೊಂಡೆ."

ಅವಳು ಆತನ ನೋವಿಲ್ಲದ ಕೈ ಹಿಡಿದಳು. "ಮನೆಯವರನ್ನ ಇನ್ನೊಮ್ಮೆ ಕಳಸ್ರಿ."

"ಮತ್ತೆ ಬೇಡ ಅಂದ್ರೆ?"

"ಅನ್ನೋದಿದ್ರ ಈ ಕೈ ಯಾಕ ಹಿಡೀತಿದ್ದೆ?"