ರಾತ್ರಿ ಬಿಲ್ಡ್ ಕೆಡಿಸಿದ ಕೈ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಕಂಪನಿಯ ಮ್ಯಾನೇಜರು, ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಹೇಳತೊಡಗಿದರು. ಬೀಗ ಒಡೆದಿಲ್ಲ, ಸಾಮಾನು ಹೋಗಿಲ್ಲ, ಆದರೂ ವಾರದಿಂದ ಕೆಲಸವೆಲ್ಲ ಎಕ್ಕುಟ್ಟಿಹೋಗಿದೆ ಎಂದರು. ಇನ್‌ಸ್ಪೆಕ್ಟರು ಅವಸರದ ಮನುಷ್ಯರಲ್ಲ. ನೀರು ತರಿಸಿ ಕೊಟ್ಟು, ಮೊದಲಿನಿಂದ ಹೇಳಿ ಎಂದರು.

ಆಸ್ಪತ್ರೆಯಲ್ಲಿ ರೋಗಿಯ ಮೈಗೆ ಔಷಧಿ ಹನಿಹನಿಯಾಗಿ ಬಿಡುವ ಡ್ರಿಪ್ ಪಂಪುಗಳಿರುತ್ತವಲ್ಲ, ಅವುಗಳ ಒಳಗೆ ಕೂತು ನಡೆಸುವ ಆಪರೇಟಿಂಗ್ ಸಿಸ್ಟಂ ಈ ಕಂಪನಿಯದು. ಹಗಲೆಲ್ಲ ಇಂಜಿನಿಯರುಗಳು ತಂತಮ್ಮ ಪಾಲಿನ ಕೋಡ್ ಬರೆದಿಟ್ಟು ಮನೆಗೆ ಹೋಗುತ್ತಾರೆ. ರಾತ್ರಿ ಯಾರೂ ಇಲ್ಲದಾಗ ಸರ್ವರು ತಾನಾಗಿಯೇ ಎದ್ದು, ಅದನ್ನೆಲ್ಲ ಒಟ್ಟುಮಾಡಿ, ಇಡೀ ಸಿಸ್ಟಮನ್ನು ಹೊಸದಾಗಿ ಕಟ್ಟಿ, ಪರೀಕ್ಷೆ ಮಾಡಿ ಬೆಳಗಾಗುವಷ್ಟರಲ್ಲಿ ಸಿದ್ಧವಾಗಿಡುತ್ತದೆ. ಅದಕ್ಕೆ ರಾತ್ರಿ ಬಿಲ್ಡ್ ಎನ್ನುತ್ತಾರೆ. ಕಟ್ಟುವುದಕ್ಕೆ ಯಾವ ಉಪಕರಣ ಬೇಕು, ಎಷ್ಟನೆಯ ಆವೃತ್ತಿಯದು, ಎಲ್ಲಿರಬೇಕು ಎಂದು ಮೊದಲೇ ಅಣಿಮಾಡಿಟ್ಟಿರುವ ಜಾಗಕ್ಕೆ ಎನ್ವಿರಾನ್‌ಮೆಂಟ್ ಎಂದು ಹೆಸರು. ಅಡುಗೆಗೆ ಮೊದಲು ಒಲೆ, ಪಾತ್ರೆ, ಸೌಟು ಜೋಡಿಸಿಕೊಂಡ ಹಾಗೆ ಎಂದು ಇನ್‌ಸ್ಪೆಕ್ಟರು ಮನಸ್ಸಿನಲ್ಲೇ ಅರ್ಥಮಾಡಿಕೊಂಡರು. ಯಾರೋ ದಿನಾ ಸಂಜೆ ಒಳಹೊಕ್ಕು ಅಲ್ಲಿನ ಒಂದು ಉಪಕರಣ ತೆಗೆದು ಹಳೆಯ ಕಾಲದ್ದನ್ನು ಇಟ್ಟುಹೋಗುತ್ತಿದ್ದರು. ಬಿಲ್ಡ್ ಅರ್ಧಕ್ಕೇ ಕುಸಿಯುತ್ತಿತ್ತು. ಪಂಪಿನ ಎಚ್ಚರಿಕೆ ಗಂಟೆಯಲ್ಲಿದ್ದ ದೋಷಕ್ಕೆ ಮಾಡಿದ್ದ ತಿದ್ದುಪಡಿ ಆಸ್ಪತ್ರೆಗಳಿಗೆ ಹೋಗದೆ ನಿಂತಿತ್ತು.

ಮ್ಯಾನೇಜರು ಆರೋಪಿ ಯಾರೆಂದೂ ಗೊತ್ತುಮಾಡಿಕೊಂಡೇ ಬಂದಿದ್ದರು. ಈ ವ್ಯವಸ್ಥೆಯನ್ನೆಲ್ಲ ಕಟ್ಟಿ ನಿಲ್ಲಿಸಿದ ಇಂಜಿನಿಯರ್ ಹೆಣ್ಣುಮಗಳೇ. ಒಳಹೊಕ್ಕದ್ದೆಲ್ಲ ಅವಳ ಲಾಗಿನ್ನಿನಲ್ಲೇ. FIR ದಾಖಲಾಯಿತು. ಇವತ್ತೇ ಒಳಗೆ ಹಾಕಿ ಎಂದು ಮ್ಯಾನೇಜರು ಪಟ್ಟು ಹಿಡಿದರು. ಗುರುವಾರದವರೆಗೆ ಸಮಯ ಕೊಡಿ, ಅಷ್ಟರಲ್ಲಿ ಬೇರೆ ಯಾರೂ ಸಿಗದಿದ್ದರೆ ನಾನೇ ಅವರನ್ನು ಕರೆತರುತ್ತೇನೆ ಎಂದು ಇನ್‌ಸ್ಪೆಕ್ಟರು ಒಪ್ಪಿಸಿ ಕಳಿಸಿದರು.

ಮಧ್ಯಾಹ್ನ ಹೆಣ್ಣುಮಗಳು ವಿಚಾರಣೆಗೆ ಬಂದಳು. ಜೊತೆಗೆ ಅವಳ ಅತ್ತೆ. ಹೊರಗೆ ಕೂತಿರಿ ಎಂದು ದಫೇದಾರರು ಹೇಳಿದರೂ ಅತ್ತೆ ಕದಲಲಿಲ್ಲ. ಕಡ್ಡಿಯಂತಿದ್ದ ಆ ದಫೇದಾರರನ್ನು ಠಾಣೆಯವರೆಲ್ಲ ಕಡ್ಡಿ ಎಂದೇ ಕರೆಯುತ್ತಿದ್ದರು. ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ ಅತ್ತೆ ಬೆಂಚಿನ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತರು.

“ದಿನಾ ಬೆಳಿಗ್ಗೆ ಏಳಕ್ಕೂ ನಿಮ್ಮ ಲಾಗಿನ್ ಬಳಕೆ ಆಗಿದೆ. ಎಲ್ಲಿದ್ರಿ?”

“ಮನೇಲಿ ಸಾರ್. ಮಗಳಿಗೆ ಜಡೆ ಹಾಕ್ತಿರ್ತೀನಿ.”

“ನೋಡಿದವರು?”

“ನಾನು ನೋಡಿದೀನಿ” ಎಂದರು ಅತ್ತೆ.

“ಮನೆಯವರ ಸಾಕ್ಷಿ ನಡೆಯಲ್ಲಮ್ಮ.”

“ಅತ್ತೆ ಬಂದು ಸೊಸೆ ಪರವಾಗಿ ಸಾಕ್ಷಿ ಹೇಳ್ತಿದಾಳೆ. ಅದಕ್ಕಿಂತ ಗಟ್ಟಿ ಸಾಕ್ಷಿ ನಿಮಗೆ ಎಲ್ಲಿ ಸಿಗುತ್ತಪ್ಪ?”

ಕಡ್ಡಿ ಮುಖ ತಿರುಗಿಸಿ ಕೆಮ್ಮಿದರು. ಇನ್‌ಸ್ಪೆಕ್ಟರು ನಗಲಿಲ್ಲ. ಅವರ ತಲೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು. ಸಂಜೆ ಹೊಕ್ಕವರು ಕೆಡಿಸಲು ಹೊಕ್ಕರು, ಸರಿ. ಬೆಳಿಗ್ಗೆ ಯಾಕೆ ಹೊಕ್ಕರು? ಅದನ್ನೇ ಕೇಳಿದರು.

ತೆಗೆದ ಉಪಕರಣವನ್ನು ಮತ್ತೆ ಅದರ ಜಾಗದಲ್ಲೇ ಇಟ್ಟಿದ್ದಾರೆ ಎಂದಳು ಅವಳು. ಅದೇ ತನಗೂ ಬಗೆಹರಿಯುತ್ತಿಲ್ಲವಂತೆ. ಯಾಕೆಂದರೆ ಆ ಎನ್ವಿರಾನ್‌ಮೆಂಟ್ ಒಂದು ದಿನದ ಬಾಳಿನದು. ಮಧ್ಯಾಹ್ನವಾದರೆ ಹಳೆಯದನ್ನು ಪೂರ್ತಿ ಅಳಿಸಿಹಾಕಿ, ಅಚ್ಚಿನಿಂದ ಹೊಸದೊಂದನ್ನು ಎಬ್ಬಿಸುತ್ತಾರೆ. ಬೆಳಿಗ್ಗೆ ಸರಿಮಾಡಿಟ್ಟದ್ದು ಮಧ್ಯಾಹ್ನ ಹೇಗೂ ಕಸಕ್ಕೇ.

“ಅಂದ್ರೆ ಕಾಗದದ ತಟ್ಟೇಲಿ ಊಟ ಮಾಡಿ, ಅದನ್ನ ತೊಳೆದು, ಒರೆಸಿ, ಆಮೇಲೆ ಬುಟ್ಟಿಗೆ ಹಾಕಿದ ಹಾಗೆ” ಎಂದರು ಇನ್‌ಸ್ಪೆಕ್ಟರು.

“ಹಾಗೇ ಸಾರ್. ನಮ್ಮಲ್ಲಿ ಯಾರೂ ತೊಳೆಯಲ್ಲ.”

ತೊಳೆಯುವ ಕೈ ಒಂದು ಇದೆ ಎಂದು ಅವರಿಗೆ ಆಗಲೇ ಅನ್ನಿಸಿತು. ಯಾರದೆಂದು ತಿಳಿಯಬೇಕಿತ್ತು.

ಮಂಗಳವಾರ ಕಂಪನಿಗೆ ಹೋದರು. ಉದ್ದನೆಯ ಕೋಣೆ, ಎರಡು ಸಾಲು ಮೇಜು, ಗೋಡೆಯ ಮೇಲೆ ಬಿಲ್ಡಿನ ಫಲಿತಾಂಶ ತೋರಿಸುವ ದೊಡ್ಡ ಪರದೆ. ಪರದೆಯ ತುಂಬ ಕೆಂಪು. ಬಿಲ್ಡಿನ ಕೆಲಸ ಬಲ್ಲವರು ಅಲ್ಲಿ ಆರು ಮಂದಿ. ಹೆಣ್ಣುಮಗಳಿಂದಲೇ ಐದು ಎನ್ವಿರಾನ್‌ಮೆಂಟುಗಳನ್ನು ಬೇಕೆಂತಲೇ ಕೆಡಿಸಿಡಿಸಿ, ಉಳಿದ ಐವರನ್ನು ಒಬ್ಬೊಬ್ಬರಾಗಿ ಒಳಗೆ ಕರೆಸಿ ಸರಿಮಾಡಿ ತೋರಿಸಲು ಹೇಳಿದರು. ಪೊಲೀಸರಿಗೆ ಕೆಲಸದ ಕ್ರಮ ತಿಳಿಯಬೇಕು, ಅಷ್ಟೇ ಎಂದರು.

ನಾಲ್ವರು ಬಂದರು, ನೋಡಿದರು, ಅಳಿಸಿದರು, ಹೊಸದು ಎಬ್ಬಿಸಿದರು. ಒಬ್ಬನಂತೂ ಕುರ್ಚಿಗೆ ಪೂರ್ತಿ ಒರಗುವ ಮೊದಲೇ ಮುಗಿಸಿ, “ಇಷ್ಟಕ್ಕೆ ಕರೆಸಿದ್ರಾ ಸಾರ್?” ಎಂದ. ಕೊನೆಗೆ ಬಂದವರು ಐವತ್ತು ದಾಟಿದ ಹಿರಿಯರು. ಆಫೀಸಿಗೆಲ್ಲ ಅವರು ದೊಡ್ಡಣ್ಣ. ಕನ್ನಡಕ ಒರೆಸಿಕೊಂಡು ಕೂತರು. ಏನನ್ನೂ ಅಳಿಸಲಿಲ್ಲ. ಕೆಟ್ಟದ್ದು ಯಾವುದೆಂದು ಒಂದೊಂದಾಗಿ ತಡವಿ ನೋಡಿ, ಹಳೆಯದನ್ನು ತೆಗೆದು, ಸರಿಯಾದದ್ದನ್ನು ಅದರ ಜಾಗದಲ್ಲಿಟ್ಟು, ಕಂಪ್ಯೂಟರಿನಲ್ಲಿ ತೆರೆದಿದ್ದ ಕಿಟಕಿಗಳನ್ನೆಲ್ಲ ಮುಚ್ಚಿ, ಏಳುವಾಗ ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದರು. ಒಂದೇ ಮೆಷಿನ್ನನ್ನು ಎಲ್ಲರೂ ಹಂಚಿಕೊಂಡು ದುಡಿದ ಕಾಲದವರು. ಹಾಗೆ ಬಿಟ್ಟುಹೋಗುವುದು ಅವರ ಬೆರಳಿಗೇ ಗೊತ್ತಿರಲಿಲ್ಲ.

ಅವರು ಹೋದಮೇಲೆ ಇನ್‌ಸ್ಪೆಕ್ಟರು ಹೆಣ್ಣುಮಗಳ ಕಡೆ ತಿರುಗಿದರು.

“ನಿಮ್ಮ ಪಾಸ್‌ವರ್ಡ್ ಮಾಡಿಕೊಟ್ಟದ್ದು ಯಾರು?”

ಅವಳು ದೊಡ್ಡಣ್ಣ ಹೋದ ಬಾಗಿಲಿನ ಕಡೆ ನೋಡಿದಳು.

“ಸೇರಿದ ದಿನ ದೊಡ್ಡಣ್ಣ ಹಾಕ್ಕೊಟ್ರು. ಕೆಲಸ ಕಲಿಸಿದ್ದೂ ಅವರೇ.”

“ಆಮೇಲೆ ಬದಲಾಯಿಸಿದ್ರಾ?”

“ಇಲ್ಲ ಸಾರ್. ಅವರು ಕೊಟ್ಟದ್ದು ಅಂತ ಹಾಗೇ ಇಟ್ಕೊಂಡೆ.”

ಅನುಮಾನ ಒಂದು, ಪುರಾವೆ ಇನ್ನೊಂದು. ಕುರ್ಚಿ ಒಳಗೆ ತಳ್ಳಿದರು ಎಂದು ಯಾವ ನ್ಯಾಯಾಧೀಶರೂ ಶಿಕ್ಷೆ ಕೊಡುವುದಿಲ್ಲ. ಒಳಹೊಕ್ಕದ್ದು ಹೊರಗಿನಿಂದಲ್ಲ, ಕಟ್ಟಡದ ಒಳಗಿನ ಕೇಬಲ್ಲಿನಿಂದಲೇ ಎಂದು ಅವಳು ತೋರಿಸಿಕೊಟ್ಟಳು. ಕೇಬಲ್ಲಿನ ಬೆನ್ನು ಹಿಡಿದು ಹೋದರೆ ಅದು ಹಿಂಬದಿಯ ಸಾಮಾನು ಕೋಣೆಗೆ ಮುಟ್ಟಿತು. ಮುರಿದ ಕುರ್ಚಿ, ಖಾಲಿ ಡಬ್ಬಗಳ ನಡುವೆ ಹಳೆಯ ಬಿಲ್ಡ್ ಮೆಷಿನ್ ಇತ್ತು. ಅದನ್ನು ಆರಿಸಿ ವರ್ಷವಾಯಿತು ಎಂದು ಮ್ಯಾನೇಜರು ಹೇಳಿದರು. ಕಡ್ಡಿ ಅದರ ಬೆನ್ನಿಗೆ ಅಂಗೈ ಇಟ್ಟು ನೋಡಿ, “ಸಾರ್, ಇದಕ್ಕೆ ಜ್ವರ ಇದೆ” ಎಂದರು.

ಯಾರೂ ಮುಟ್ಟಬಾರದೆಂದು ಹೇಳಿ ಬಾಗಿಲು ಮೊದಲಿನಂತೆ ಮುಚ್ಚಿಸಿದರು. ಬುಧವಾರ ಹೆಣ್ಣುಮಗಳು ಗುಟ್ಟಾಗಿ ಇನ್ನೊಂದು ಎನ್ವಿರಾನ್‌ಮೆಂಟ್ ಕಟ್ಟಬೇಕು, ರಾತ್ರಿ ಬಿಲ್ಡ್ ಅದರಲ್ಲೇ ಓಡಬೇಕು, ಹಳೆಯದು ಬರೀ ತೋರಿಕೆಗೆ ನಿಂತಿರಬೇಕು ಎಂಬುದು ಇನ್‌ಸ್ಪೆಕ್ಟರ ಏರ್ಪಾಟು. ಆರೋಪಿಯ ಕೈಗೇ ಬೀಗದಕೈ ಕೊಡ್ತೀರಾ ಎಂದು ಮ್ಯಾನೇಜರು ಸಿಡುಕಿದರು. ತಪ್ಪಾದರೆ ಮಸಿ ನನ್ನ ಮುಖಕ್ಕೆ ಎಂದು ಇನ್‌ಸ್ಪೆಕ್ಟರು ಅವಳಿಗೆ ಕುರ್ಚಿ ಎಳೆದುಕೊಟ್ಟರು. ಗುರುವಾರ ಬೆಳಿಗ್ಗೆ ಪರದೆ ಕೆಂಪಗಿದ್ದರೆ ಅವಳ ಕೈಗೆ ಕೋಳ ತೊಡಿಸಬೇಕಾದವರೂ ಅವರೇ. ಅದು ಇಬ್ಬರಿಗೂ ಗೊತ್ತಿತ್ತು.

ಅವಳು ಇಡೀ ದಿನ ಕೂತಳು. ಹಗಲು ಕೆಲಸ ಮಾಡುವವನಿಗೆ ಉಪಕರಣ ಎಲ್ಲಿದೆ ಎಂದು ಅಭ್ಯಾಸದಿಂದಲೇ ಗೊತ್ತು. ರಾತ್ರಿ ತಾನಾಗಿ ಓಡುವ ಕೆಲಸಕ್ಕೆ ಯಾರ ಅಭ್ಯಾಸವೂ ಗೊತ್ತಿರುವುದಿಲ್ಲ, ಹೊಸ ಮನೆಗೆ ಬಂದ ಕುರುಡನಿದ್ದ ಹಾಗೆ. ಪ್ರತಿಯೊಂದರ ಪೂರಾ ವಿಳಾಸವನ್ನೂ ಬಿಡಿಸಿ ಹೇಳಬೇಕು. ಅವಳು ಹೇಳುತ್ತ ಹೋದಳು. ಹೊಸದಕ್ಕೆ ಬೇರೆ ಪಾಸ್‌ವರ್ಡ್ ಹಾಕಿ, ಹಳೆಯದರದನ್ನು ಇದ್ದ ಹಾಗೇ ಬಿಟ್ಟಳು. ಒಂದು ಕಡೆ ಸಿಕ್ಕಿಬಿದ್ದು ಮತ್ತೆ ಮೊದಲಿನಿಂದ ಎಬ್ಬಿಸಿದಳು. ಸಂಜೆ ಅತ್ತೆ ಗೇಟಿನ ಹತ್ತಿರ ಬಂದು ಒಂದು ಚೀಲ ಕಡ್ಡಿಯ ಕೈಗೆ ಕೊಟ್ಟು, ಇಬ್ಬರಿಗೂ ಸಾಕಾಗುತ್ತೆ, ನೀನಂತೂ ಮೊದಲು ತಿನ್ನು ಎಂದು ಗದರಿ ಹೋದರು.

ಗುರುವಾರ ಬೆಳಿಗ್ಗೆ ಸಾಮಾನು ಕೋಣೆಯ ಡಬ್ಬಗಳ ಹಿಂದೆ ಇನ್‌ಸ್ಪೆಕ್ಟರು, ಕಡ್ಡಿ, ಸಾಕ್ಷಿಗೆಂದು ಕರೆಸಿದ್ದ ಇಬ್ಬರು ಪಂಚರು ಮತ್ತು ಆ ಹೆಣ್ಣುಮಗಳು ಅಡಗಿ ನಿಂತಿದ್ದರು. ಏಳಕ್ಕೆ ಬಾಗಿಲು ತೆರೆಯಿತು. ದೊಡ್ಡಣ್ಣ ಬಂದು ಕೂತು, ಅವಳ ಹೆಸರಿನಲ್ಲಿ ಹಳೆಯ ಎನ್ವಿರಾನ್‌ಮೆಂಟಿನ ಒಳಹೊಕ್ಕು, ಸಂಜೆ ತಾವೇ ತೆಗೆದಿದ್ದ ಉಪಕರಣವನ್ನು ಅದರ ಜಾಗಕ್ಕೆ ಇಟ್ಟರು. ಅದನ್ನು ಪಂಚರು ಕಣ್ಣಾರೆ ನೋಡಿದರು.

“ಕೈ ತೆಗೀರಿ ಯಜಮಾನರೇ” ಎಂದರು ಇನ್‌ಸ್ಪೆಕ್ಟರು.

ದೊಡ್ಡಣ್ಣ ಬೆಚ್ಚಲಿಲ್ಲ, ಓಡಲಿಲ್ಲ. ಕೈಯೆತ್ತಿ ಮಡಿಲಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ಆಚೆಯ ಕೋಣೆಯಲ್ಲಿ ಗದ್ದಲವೆದ್ದಿತು. ಬೇಗ ಬಂದಿದ್ದ ಹುಡುಗರು ಪರದೆ ನೋಡಿ ಮೇಜು ಬಡಿಯುತ್ತಿದ್ದರು. ಮೇಲಿಂದ ಕೆಳಗಿನ ತನಕ ಹಸಿರು. ಪರೀಕ್ಷೆಗಳೆಲ್ಲ ಪಾಸಾಗಿ, ಪಂಪಿನ ತಿದ್ದುಪಡಿ ಆಸ್ಪತ್ರೆಗಳಿಗೆ ಹೊರಡಲು ಸಿದ್ಧವಾಗಿ ಕೂತಿತ್ತು. ಹೆಣ್ಣುಮಗಳು ಒಳಗೆ ಬಂದಾಗ ಎಲ್ಲರೂ ಎದ್ದು ನಿಂತರು. ಮ್ಯಾನೇಜರು ಬಂದು, ತಪ್ಪು ತಿಳಿದಿದ್ದೆ ತಾಯಿ ಎಂದರು. ಕ್ಷಮೆ ಕೇಳುವುದಾದರೆ ಮನೆಗೆ ಬಂದು ನಮ್ಮತ್ತೆಯ ಹತ್ತಿರ ಕೇಳಿ ಎಂದಳು ಅವಳು. ನಗು ಕೋಣೆ ತುಂಬಿತು. ವಾರದ ನಂತರ ಅವಳೂ ನಕ್ಕಳು.

ಪಂಚನಾಮೆ ಮುಗಿಸಿ, ಮೆಷಿನ್ನನ್ನು ವಶಕ್ಕೆ ಪಡೆದು, ದಸ್ತಗಿರಿ ಮಾಡಿದ್ದಾಯಿತು. FIRನಲ್ಲಿದ್ದ ಹೆಣ್ಣುಮಗಳ ಹೆಸರನ್ನು ಕೈಬಿಡಲು ಇನ್‌ಸ್ಪೆಕ್ಟರು ಅಂದೇ ವರದಿ ಬರೆದರು.

ಹೇಳಿಕೆ ಕೊಡುವಾಗ ದೊಡ್ಡಣ್ಣ ಏನನ್ನೂ ಬಚ್ಚಿಡಲಿಲ್ಲ. ಹದಿನೆಂಟು ವರ್ಷ ಬಿಲ್ಡನ್ನು ಕೈಯಾರೆ ಕಟ್ಟಿದವರು ಅವರು. ಸಂಜೆಯಾದರೆ ಒಬ್ಬೊಬ್ಬರೂ ಅವರ ಮೇಜಿನ ಹತ್ತಿರ ಬಂದು, ಆಯ್ತಾ ದೊಡ್ಡಣ್ಣ, ಹೊರಡಬಹುದಾ ಎಂದು ಕೇಳುತ್ತಿದ್ದರು. ಅವರು ಹ್ಞೂಂ ಎಂದ ಮೇಲೆಯೇ ಚೀಲ ಹೆಗಲಿಗೆ ಏರುತ್ತಿತ್ತು. ರಾತ್ರಿ ಬಿಲ್ಡ್ ಬಂದ ಮೇಲೆ ಯಾರೂ ಬರಲಿಲ್ಲ. ಅದು ನಾಲ್ಕು ದಿನ ಕೆಟ್ಟರೆ ಮತ್ತೆ ಬಂದು ಕೇಳಿಯಾರು ಎಂದುಕೊಂಡರಂತೆ. ಅವಳ ಮೇಲೆ ಕೇಸು ಬೀಳುತ್ತದೆ ಎಂದು ಎಣಿಸಿರಲಿಲ್ಲವಂತೆ. ಬಿದ್ದಮೇಲೆ ಬಾಯಿಬಿಡುವ ಧೈರ್ಯ ಬರಲಿಲ್ಲ.

“ಇವತ್ತಿನದು ಎಲ್ಲೂ ನಿಲ್ಲದೆ ಆಯ್ತಾ ಸಾರ್?” ಎಂದು ಕೇಳಿದರು.

ಆಯ್ತು ಎಂದರು ಇನ್‌ಸ್ಪೆಕ್ಟರು. ದೊಡ್ಡಣ್ಣ ತಲೆಯಾಡಿಸಿ ಹೇಳಿಕೆಗೆ ಸಹಿ ಹಾಕಿದರು.